ತಾರಾತಲಾದಿಂದ ತೋರಣಗಲ್ಲಿಗೆ: ಭಾರತದ ಆಮ್ಲಜನಕ ಉದ್ಯಮದ ತೊಂಬತ್ತು ವರ್ಷ

ಭಾರತದಲ್ಲಿ ಗಾಳಿಯನ್ನು ಅದರ ಘಟಕ ಅನಿಲಗಳಾಗಿ ಬೇರ್ಪಡಿಸಿ ಮಾರುವ ಉದ್ಯಮದ ಚರಿತ್ರೆಯ ಬಹುಭಾಗವನ್ನು, 1935ರ ಜನವರಿ 24ರಂದು ಕಲ್ಕತ್ತೆಯಲ್ಲಿ ನೋಂದಣಿಯಾದ ಇಂಡಿಯನ್ ಆಕ್ಸಿಜನ್ ಅಂಡ್ ಅಸಿಟಿಲೀನ್ ಕಂಪನಿಯ ಹೆಜ್ಜೆಗಳನ್ನು ಹಿಂಬಾಲಿಸಿ ಬರೆಯಬಹುದು. ಈ ಉದ್ಯಮದ ಕಚ್ಚಾ ವಸ್ತು ಎಲ್ಲ ಊರುಗಳಲ್ಲಿಯೂ ಒಂದೇ ಬಗೆಯದು, ಅದಕ್ಕೆ ಬೆಲೆಯಿಲ್ಲ, ಅದನ್ನು ಅಗೆಯಬೇಕಾಗಿಲ್ಲ, ಹಡಗಿನಲ್ಲಿ ತರಿಸಬೇಕಾಗಿಲ್ಲ. ಆದರೂ ಅದರ ಕಾರ್ಖಾನೆಗಳು ದೇಶದ ಕೆಲವೇ ಮೂಲೆಗಳಲ್ಲಿ ಒತ್ತೊತ್ತಾಗಿ ಬೆಳೆದವು, ಉಳಿದ ವಿಶಾಲ ಪ್ರದೇಶಗಳು ಬಹುಕಾಲ ಬರಿದಾಗಿಯೇ ಉಳಿದವು. ಈ ಏರುಪೇರಿಗೆ ಕಾರಣ ಅನಿಲವನ್ನು ತಯಾರಿಸುವ ಖರ್ಚಿನಲ್ಲಿರುವುದಕ್ಕಿಂತ ಹೆಚ್ಚಾಗಿ ಅದನ್ನು ಸಾಗಿಸುವ ಖರ್ಚಿನಲ್ಲಿದೆ, ಮತ್ತು ಕಲ್ಕತ್ತೆಯ ಉದ್ಯಮದ ಏಳುಬೀಳುಗಳೆಲ್ಲವೂ ಕೊನೆಗೆ ಈ ಒಂದು ಸಂಗತಿಗೇ ಬಂದು ನಿಲ್ಲುತ್ತವೆ.

ವಾಯು ಬೇರ್ಪಡಿಕೆ ಸ್ಥಾವರ ಎಂದರೆ, ಗಾಳಿಯನ್ನು ದ್ರವವಾಗುವಷ್ಟು ತಣಿಸಿ, ಬೇರೆ ಬೇರೆ ಅನಿಲಗಳು ಬೇರೆ ಬೇರೆ ಉಷ್ಣತೆಯಲ್ಲಿ ಕುದಿಯುತ್ತವೆ ಎಂಬ ಗುಣವನ್ನು ಬಳಸಿಕೊಂಡು ಅವುಗಳನ್ನು ಒಂದರಿಂದೊಂದು ಬಿಡಿಸುವ ಯಂತ್ರಸಮೂಹ. ಗಾಳಿಯ ಗಾತ್ರದಲ್ಲಿ ಶೇ. 78ರಷ್ಟು ಸಾರಜನಕ, ಶೇ. 21ಕ್ಕೆ ತುಸು ಕಡಿಮೆ ಆಮ್ಲಜನಕ ಮತ್ತು ಶೇ. 1ನ್ನೂ ಮುಟ್ಟದಷ್ಟು ಆರ್ಗಾನ್ ಇದ್ದು, ಸಾರಜನಕವು ಮೈನಸ್ 196, ಆರ್ಗಾನ್ ಮೈನಸ್ 186, ಆಮ್ಲಜನಕವು ಮೈನಸ್ 183 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಕುದಿಯುತ್ತವೆ. ಮೊದಲು ಗಾಳಿಯ ಧೂಳನ್ನು ಸೋಸಿ, ಅದನ್ನು ಒತ್ತಡಕ್ಕೆ ಒಳಪಡಿಸಿ, ಅತಿ ಚಳಿಯಲ್ಲಿ ಹೆಪ್ಪುಗಟ್ಟಿ ಕೊಳವೆಗಳನ್ನು ಕಟ್ಟಿಬಿಡುವ ನೀರಾವಿ ಮತ್ತು ಇಂಗಾಲದ ಡೈಆಕ್ಸೈಡನ್ನು ತೆಗೆದುಹಾಕಲಾಗುತ್ತದೆ. ಬಳಿಕ ಒತ್ತಡದ ಗಾಳಿಯನ್ನು ಟರ್ಬೈನಿನಲ್ಲಿ ಹಿಗ್ಗಿಸಿ ತಣಿಸಿ, ಹೊರಹೋಗುತ್ತಿರುವ ತಣ್ಣನೆಯ ಅನಿಲದಿಂದ ಒಳಬರುತ್ತಿರುವ ಗಾಳಿಯನ್ನು ಇನ್ನಷ್ಟು ತಣಿಸಿ, ದ್ರವವಾದದ್ದನ್ನು ಎತ್ತರದ ಸ್ತಂಭದೊಳಗೆ ಬಿಡಲಾಗುತ್ತದೆ. ಸ್ತಂಭದಲ್ಲಿ ಬೇಗನೆ ಕುದಿಯುವ ಸಾರಜನಕ ಮೇಲೇರಿದರೆ ಆಮ್ಲಜನಕ ತಳದಲ್ಲಿ ನಿಲ್ಲುತ್ತದೆ, ಎರಡರ ನಡುವಿನ ಮಟ್ಟದಿಂದ ಆರ್ಗಾನನ್ನು ಎಳೆದುಕೊಳ್ಳಲಾಗುತ್ತದೆ. ಉಷ್ಣ ನಿರೋಧಕ ಪದಾರ್ಥ ತುಂಬಿದ ಉಕ್ಕಿನ ಗೋಪುರದೊಳಗೆ ಈ ಸ್ತಂಭವನ್ನು ಕೂರಿಸಲಾಗಿದ್ದು, ಕಾರ್ಖಾನೆಯ ಮಂದಿ ಅದನ್ನು ಕೋಲ್ಡ್ ಬಾಕ್ಸ್ ಎನ್ನುತ್ತಾರೆ. ಇಡೀ ಕ್ರಿಯೆಯಲ್ಲಿ ದೊಡ್ಡ ಖರ್ಚು ಕಂಪ್ರೆಸರುಗಳು ನುಂಗುವ ವಿದ್ಯುತ್ತಿನದೇ ಆಗಿರುತ್ತದೆ.

ಈ ವಿದ್ಯೆಯು ಯುರೋಪಿನಲ್ಲಿ ರೂಪುಗೊಂಡದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ. ಲಂಡನ್ನಿನಲ್ಲಿ 1886ರಲ್ಲಿ ಆರಂಭವಾದ ಬ್ರಿನ್ಸ್ ಆಕ್ಸಿಜನ್ ಕಂಪನಿಯು ಬೇರಿಯಂ ಆಕ್ಸೈಡನ್ನು ಕಾಯಿಸಿ ಗಾಳಿಯ ಆಮ್ಲಜನಕವನ್ನು ಹೀರಿಸಿ ಮತ್ತೆ ಬಿಡಿಸುವ ರಾಸಾಯನಿಕ ವಿಧಾನವನ್ನು ಅನುಸರಿಸುತ್ತಿತ್ತು. 1895ರಲ್ಲಿ ಜರ್ಮನಿಯ ಕಾರ್ಲ್ ಫಾನ್ ಲಿಂಡೆ ಮತ್ತು ಇಂಗ್ಲೆಂಡಿನ ವಿಲಿಯಂ ಹ್ಯಾಂಪ್ಸನ್ ಪ್ರತ್ಯೇಕವಾಗಿ ಗಾಳಿಯನ್ನು ದ್ರವೀಕರಿಸುವ ಯಂತ್ರಗಳನ್ನು ಕಟ್ಟಿದ ಮೇಲೆ ಆ ಹಳೆಯ ವಿಧಾನಕ್ಕೆ ಭವಿಷ್ಯ ಉಳಿಯಲಿಲ್ಲ. 1902ರಲ್ಲಿ ಲಿಂಡೆ ಆಮ್ಲಜನಕವನ್ನು ಬೇರ್ಪಡಿಸುವ ಸ್ತಂಭವನ್ನು ಬಳಕೆಗೆ ತಂದರು, ಅದೇ ವರ್ಷ ಫ್ರಾನ್ಸಿನಲ್ಲಿ ಜಾರ್ಜ್ ಕ್ಲಾಡ್ ಅವರ ವಿಧಾನವನ್ನು ಆಧರಿಸಿ ಏರ್ ಲಿಕ್ವಿಡ್ ಸಂಸ್ಥೆ ಹುಟ್ಟಿತು. ಲಿಂಡೆಯ ಪೇಟೆಂಟುಗಳೊಂದಿಗೆ ಹೊಂದಾಣಿಕೆ ಮಾಡಿಕೊಂಡ ಬ್ರಿನ್ಸ್ ಸಂಸ್ಥೆ 1906ರಲ್ಲಿ ಬ್ರಿಟಿಷ್ ಆಕ್ಸಿಜನ್ ಕಂಪನಿ (ಬಿಒಸಿ) ಎಂಬ ಹೆಸರು ತಳೆಯಿತು, ಮತ್ತು ಮೂವತ್ತು ವರ್ಷಗಳ ಬಳಿಕ ಕಲ್ಕತ್ತೆಯ ಕಂಪನಿಯ ಬೆನ್ನಿಗೆ ನಿಂತದ್ದು ಇದೇ ಸಂಸ್ಥೆ.

ಕಲ್ಕತ್ತೆಯನ್ನೇ ಆಯ್ದುಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. 1930ರ ದಶಕದಲ್ಲಿ ಆಮ್ಲಜನಕದ ಮುಖ್ಯ ಗಿರಾಕಿಯೆಂದರೆ ಲೋಹವನ್ನು ಕತ್ತರಿಸುವ ಮತ್ತು ಬೆಸೆಯುವ ಕಮ್ಮಟ. ಆಮ್ಲಜನಕ ಮತ್ತು ಅಸಿಟಿಲೀನ್ ಸೇರಿ ಉರಿಯುವ ಜ್ವಾಲೆಯು ದಪ್ಪ ಉಕ್ಕಿನ ಹಲಗೆಯನ್ನೂ ಕರಗಿಸಿ ಸೀಳಬಲ್ಲುದಾದ್ದರಿಂದ, ಹಡಗು, ಸೇತುವೆ, ರೈಲು ವ್ಯಾಗನ್ನು ಮತ್ತು ಬಾಯ್ಲರುಗಳ ಕೆಲಸ ನಡೆಯುವಲ್ಲೆಲ್ಲ ಅದಕ್ಕೆ ಬೇಡಿಕೆಯಿತ್ತು. ಹೂಗ್ಲಿ ನದಿಯ ಎರಡೂ ದಡಗಳಲ್ಲಿ ಇಂಥ ಕೆಲಸ ಹೇರಳವಾಗಿತ್ತು. ಖಿದಿರ್‌ಪುರದ ಹಡಗುಕಟ್ಟೆ 1892ರಿಂದಲೂ, ಕಿಂಗ್ ಜಾರ್ಜ್ ಹಡಗುಕಟ್ಟೆ 1920ರ ದಶಕದ ಕೊನೆಯಿಂದಲೂ ನಡೆಯುತ್ತಿದ್ದವು. ಗಾರ್ಡನ್ ರೀಚಿನಲ್ಲಿ ಹಡಗು ದುರಸ್ತಿಯ ಕಾರ್ಖಾನೆಯಿತ್ತು. ಜೆಸಪ್, ಬರ್ನ್, ಬ್ರೈತ್‌ವೈಟ್ ಮೊದಲಾದ ಕಂಪನಿಗಳು ವ್ಯಾಗನ್ನುಗಳನ್ನೂ ಸೇತುವೆಯ ಭಾಗಗಳನ್ನೂ ತಯಾರಿಸುತ್ತಿದ್ದವು. ಹಾವ್ಡಾದ ಗಲ್ಲಿಗಳಲ್ಲಿ ಎರಕದ ಮತ್ತು ಲೇತಿನ ನೂರಾರು ಸಣ್ಣ ಕಾರ್ಖಾನೆಗಳು ಇವುಗಳಿಗೆ ಬಿಡಿಭಾಗಗಳನ್ನು ಒದಗಿಸುತ್ತಿದ್ದವು. ಕಂಪನಿ ಸ್ಥಾಪನೆಯಾದ ಮರುವರ್ಷವೇ, ಸುಮಾರು 26,500 ಟನ್ ಉಕ್ಕನ್ನು ಬೇಡಿದ ಹೊಸ ಹಾವ್ಡಾ ಸೇತುವೆಯ ನಿರ್ಮಾಣ ಆರಂಭವಾಗಿ, ಯುದ್ಧದ ನಡುವೆ 1943ರಲ್ಲಿ ಅದು ಸಂಚಾರಕ್ಕೆ ತೆರೆಯಿತು. ಆಸ್ಪತ್ರೆಗಳೂ ಆಮ್ಲಜನಕ ಕೊಳ್ಳುತ್ತಿದ್ದವಾದರೂ ಕಮ್ಮಟಗಳ ಬೇಡಿಕೆಯ ಮುಂದೆ ಅವುಗಳ ಪಾಲು ಚಿಕ್ಕದಾಗಿತ್ತು, ಮತ್ತು ಈ ಅನುಪಾತವು ಮುಂದಿನ ಎಂಬತ್ತು ವರ್ಷಗಳವರೆಗೂ ಬಹುಮಟ್ಟಿಗೆ ಬದಲಾಗಲಿಲ್ಲ.

ಅನಿಲವು ಗಿರಾಕಿಯನ್ನು ತಲುಪುತ್ತಿದ್ದುದು ಉಕ್ಕಿನ ಸಿಲಿಂಡರುಗಳಲ್ಲಿ. ಕಪ್ಪು ಮೈಯ, ಇಂದಿಗೂ ಆಸ್ಪತ್ರೆಗಳ ಮತ್ತು ವೆಲ್ಡಿಂಗ್ ಅಂಗಡಿಗಳ ಮುಂದೆ ಕಾಣಸಿಗುವ ದೊಡ್ಡ ಸಿಲಿಂಡರಿನಲ್ಲಿ ಸುಮಾರು 7 ಘನ ಮೀಟರ್ ಆಮ್ಲಜನಕವನ್ನು ಒತ್ತಿ ತುಂಬಬಹುದು. ಆ ಅನಿಲದ ತೂಕ 10 ಕಿಲೋಗ್ರಾಮಿಗಿಂತಲೂ ತುಸು ಕಡಿಮೆ, ಅದನ್ನು ಹಿಡಿದಿಡುವ ಉಕ್ಕಿನ ತೂಕವಾದರೋ 50 ಕಿಲೋಗ್ರಾಮಿನ ಆಸುಪಾಸು. ಎಂದರೆ ಒಂದು ಪಾಲು ಸರಕನ್ನು ಸಾಗಿಸಲು ಐದು ಪಾಲು ಪಾತ್ರೆಯನ್ನು ಹೊರಬೇಕು, ಖಾಲಿಯಾದ ಮೇಲೆ ಆ ಪಾತ್ರೆಯನ್ನು ಮತ್ತೆ ಹೊತ್ತು ತರಬೇಕು. 1940ರ ಅನಿಲ ಸಿಲಿಂಡರ್ ನಿಯಮಗಳ ಪ್ರಕಾರ ಇವುಗಳ ತಯಾರಿ, ತಪಾಸಣೆ, ಸಾಗಣೆಗಳೆಲ್ಲವೂ ಸ್ಫೋಟಕ ವಸ್ತುಗಳ ಇಲಾಖೆಯ ಕಣ್ಗಾವಲಿಗೆ ಬಂದವು. ಪಾತ್ರೆಯ ಈ ಭಾರದಿಂದಾಗಿ ಸಿಲಿಂಡರ್ ವ್ಯಾಪಾರವು ಸ್ಥಾವರದಿಂದ ನೂರಿನ್ನೂರು ಕಿಲೋಮೀಟರಿನಾಚೆಗೆ ಲಾಭದಾಯಕವಾಗಿ ಉಳಿಯುತ್ತಿರಲಿಲ್ಲ, ಮತ್ತು ಒಂದೊಂದು ಕೈಗಾರಿಕಾ ನಗರವೂ ತನ್ನದೇ ಸಣ್ಣ ಸ್ಥಾವರವನ್ನು ಹೊಂದಬೇಕಾಗುತ್ತಿತ್ತು. ಗಿರಾಕಿಗಳು ಒತ್ತಾಗಿ ನೆಲೆಸಿದ್ದ ಕಲ್ಕತ್ತೆ ಈ ಕಾರಣದಿಂದಲೇ ಆ ಕಾಲದ ಅತ್ಯುತ್ತಮ ಮಾರುಕಟ್ಟೆಯಾಗಿತ್ತು.

ಸ್ವಾತಂತ್ರ್ಯಾನಂತರದ ಮೊದಲ ಎರಡು ದಶಕಗಳಲ್ಲಿ ಈ ಲೆಕ್ಕಾಚಾರವನ್ನು ಬುಡಮೇಲು ಮಾಡಿದ್ದು ಉಕ್ಕು. 1952ರ ನವೆಂಬರಿನಲ್ಲಿ ಆಸ್ಟ್ರಿಯಾದ ಲಿನ್ಸ್ ನಗರದಲ್ಲಿ, ಮರುವರ್ಷ ಅದೇ ದೇಶದ ಡೊನಾವಿಟ್ಸ್‌ನಲ್ಲಿ, ಕರಗಿದ ಬೀಡುಕಬ್ಬಿಣದ ಮೇಲೆ ಶುದ್ಧ ಆಮ್ಲಜನಕವನ್ನು ರಭಸದಿಂದ ಊದಿ ಅದರ ಇಂಗಾಲವನ್ನು ಸುಡುವ ವಿಧಾನ ಕೈಗಾರಿಕಾ ಪ್ರಮಾಣದಲ್ಲಿ ಬಳಕೆಗೆ ಬಂತು. ಎರಡೂ ಊರುಗಳ ಮೊದಲಕ್ಷರಗಳಿಂದ ಇದಕ್ಕೆ ಎಲ್‌ಡಿ ವಿಧಾನ ಎಂಬ ಹೆಸರಾಯಿತು. ಹಳೆಯ ತೆರೆದ ಒಲೆಯ ಕುಲುಮೆಯಲ್ಲಿ ಹಲವು ಗಂಟೆ ಹಿಡಿಯುತ್ತಿದ್ದ ಕೆಲಸವನ್ನು ಇದು ಒಂದು ಗಂಟೆಯೊಳಗೆ ಮುಗಿಸುತ್ತಿತ್ತು, ಅದರಲ್ಲಿ ಊದುವ ಕೆಲಸಕ್ಕೆ ಬೇಕಾಗುತ್ತಿದ್ದುದು ಸುಮಾರು ಇಪ್ಪತ್ತು ನಿಮಿಷ ಮಾತ್ರ. ಪಶ್ಚಿಮ ಜರ್ಮನಿಯ ಕಂಪನಿಗಳ ಸಹಕಾರದಿಂದ ಒಡಿಶಾದ ರೂರ್‌ಕೆಲಾದಲ್ಲಿ ಕಟ್ಟಲಾದ ಸರ್ಕಾರಿ ಉಕ್ಕಿನ ಕಾರ್ಖಾನೆಯಲ್ಲಿ ಈ ವಿಧಾನವನ್ನು ಅಳವಡಿಸಲು ನಿರ್ಧರಿಸಿದಾಗ ಜಗತ್ತಿನಲ್ಲಿ ಅದರ ಅನುಭವ ಇದ್ದದ್ದು ಬೆರಳೆಣಿಕೆಯ ದೇಶಗಳಿಗೆ. ಆ ನಿರ್ಧಾರದ ಧೈರ್ಯವನ್ನು ಇಂದು ಮೆಚ್ಚದಿರಲಾಗದು. ಅಲ್ಲಿ ತಲಾ 40 ಟನ್ನಿನ ಮೂರು ಎಲ್‌ಡಿ ಪಾತ್ರೆಗಳಿದ್ದವು. ಒಂದು ಟನ್ ಉಕ್ಕಿಗೆ ಸುಮಾರು 50 ಘನ ಮೀಟರ್ ಆಮ್ಲಜನಕ ಬೇಕೆಂದು ಇಟ್ಟುಕೊಂಡರೂ, ಒಂದು ಪಾತ್ರೆಯ ಒಂದೇ ಸುತ್ತಿಗೆ 2,000 ಘನ ಮೀಟರ್ ಬೇಕು; ಅಷ್ಟನ್ನು ಸಿಲಿಂಡರಿನಲ್ಲಿ ಒದಗಿಸುವುದಾದರೆ 280ಕ್ಕೂ ಹೆಚ್ಚು ಸಿಲಿಂಡರುಗಳನ್ನು ಇಪ್ಪತ್ತು ನಿಮಿಷದಲ್ಲಿ ಬರಿದು ಮಾಡಬೇಕು, ಮತ್ತು ಹಗಲಿರುಳೆನ್ನದೆ ಮತ್ತೆ ಮತ್ತೆ ಹಾಗೆಯೇ ಮಾಡುತ್ತಿರಬೇಕು. ಕಲ್ಕತ್ತೆಯಿಂದ ರೈಲಿನಲ್ಲಿ 400 ಕಿಲೋಮೀಟರಿನಷ್ಟು ದೂರದಲ್ಲಿದ್ದ ರೂರ್‌ಕೆಲಾಕ್ಕೆ ಹಾಗೆ ಅನಿಲ ಕಳಿಸುವುದು ಕಲ್ಪನೆಗೂ ನಿಲುಕದ ಮಾತಾಗಿತ್ತು. ಕುಲುಮೆಯ ಪಕ್ಕದಲ್ಲಿಯೇ ಸ್ಥಾವರ ಕಟ್ಟಿ ಕೊಳವೆಯ ಮೂಲಕ ಅನಿಲ ಹರಿಸುವುದೊಂದೇ ದಾರಿಯಾಯಿತು. ಆ ಸ್ಥಾವರದಲ್ಲಿ ಆಮ್ಲಜನಕದೊಂದಿಗೆ ಬೇರ್ಪಟ್ಟ ಸಾರಜನಕವೂ ವ್ಯರ್ಥವಾಗಲಿಲ್ಲ. ಕೋಕ್ ಒಲೆಯ ಅನಿಲದಿಂದ ತೆಗೆದ ಜಲಜನಕದ ಜೊತೆ ಅದನ್ನು ಕೂಡಿಸಿ ಅಮೋನಿಯಾ ಮಾಡಿ, 1960ರ ದಶಕದ ಆರಂಭದಿಂದ ರೂರ್‌ಕೆಲಾದಲ್ಲಿಯೇ ರಸಗೊಬ್ಬರ ತಯಾರಿಸಲಾಯಿತು.

ಅಲ್ಲಿಂದಾಚೆಗೆ ಆಮ್ಲಜನಕವನ್ನು ಘನ ಮೀಟರಿನಲ್ಲಿ ಅಳೆಯುವ ಮಾರುಕಟ್ಟೆ ಒಂದಾದರೆ, ದಿನಕ್ಕೆ ಇಷ್ಟು ಟನ್ ಎಂದು ಅಳೆಯುವ ಮಾರುಕಟ್ಟೆ ಇನ್ನೊಂದಾಯಿತು. ಎರಡನೆಯದರ ಗಾತ್ರವನ್ನು ನಿರ್ಧರಿಸುತ್ತಿದ್ದವರು ಉಕ್ಕಿನ ಕಾರ್ಖಾನೆಯ ವಿನ್ಯಾಸಕರು, ಮತ್ತು ಅವರಲ್ಲಿ ಪ್ರಮುಖವಾದ ಎಂ. ಎನ್. ದಸ್ತೂರ್ ಸಲಹಾ ಸಂಸ್ಥೆ 1955ರಲ್ಲಿ ಸ್ಥಾಪನೆಯಾದದ್ದು ಕಲ್ಕತ್ತೆಯಲ್ಲಿಯೇ. ಬೊಕಾರೊ ಕಾರ್ಖಾನೆಯ ಯೋಜನಾ ವರದಿಯನ್ನು ಈ ಸಂಸ್ಥೆ ಸಿದ್ಧಪಡಿಸಿತ್ತು. ಅಮೆರಿಕದ ನೆರವಿನ ಮಾತುಕತೆ 1963ರಲ್ಲಿ ಮುರಿದುಬಿದ್ದು ಸೋವಿಯತ್ ಒಕ್ಕೂಟ ಮುಂದೆ ಬಂದಾಗ ವಿನ್ಯಾಸದ ಮುಖ್ಯ ಹೊಣೆ ಆ ಒಕ್ಕೂಟದ ಕೈಗೆ ಹೋಯಿತು. 1972ರಲ್ಲಿ ಮೊದಲ ಊದುಕುಲುಮೆ ಹೊತ್ತಿಕೊಂಡ ಬೊಕಾರೊದಲ್ಲಿ ಆರಂಭದಿಂದಲೇ ಎಲ್‌ಡಿ ವಿಧಾನವಿತ್ತು. ಜಮ್‌ಶೆಡ್‌ಪುರದ ಟಾಟಾ ಕಾರ್ಖಾನೆ 1983ರಲ್ಲಿ ತನ್ನ ಮೊದಲ ಎಲ್‌ಡಿ ವಿಭಾಗವನ್ನು ತೆರೆಯಿತು. ಹೀಗೆ ದೇಶದ ದೊಡ್ಡ ಸ್ಥಾವರಗಳಲ್ಲಿ ಹಲವು ಅದಿರು ಮತ್ತು ಕಲ್ಲಿದ್ದಲು ಸಿಗುವ ಛೋಟಾನಾಗಪುರ ಹಾಗೂ ಒಡಿಶಾದ ಪಟ್ಟಿಯೊಳಗೆ ಸೇರಿಕೊಂಡವು, ಅವುಗಳ ಒಡೆತನ ಬಹುಮಟ್ಟಿಗೆ ಉಕ್ಕಿನ ಕಾರ್ಖಾನೆಗಳದೇ ಆಗಿತ್ತು.

1958ರಲ್ಲಿ ಇಂಡಿಯನ್ ಆಕ್ಸಿಜನ್ ಲಿಮಿಟೆಡ್ ಎಂಬ ಹೆಸರು ಪಡೆದ ಕಲ್ಕತ್ತೆಯ ಕಂಪನಿ, ನಗರದ ದಕ್ಷಿಣಕ್ಕೆ ಹಡಗುಕಟ್ಟೆಗಳಿಗೆ ಹತ್ತಿರವಿರುವ ತಾರಾತಲಾ ರಸ್ತೆಯ ಆಕ್ಸಿಜನ್ ಹೌಸ್‌ನಿಂದ ಈ ಬದಲಾವಣೆಯನ್ನು ಎದುರಿಸಬೇಕಾಯಿತು. ಅದು ಕಂಡುಕೊಂಡ ಉತ್ತರಗಳಲ್ಲಿ ಹೆಚ್ಚು ದೂರದೃಷ್ಟಿಯದೆಂದು ಹೇಳಬಹುದಾದುದು, ಅನಿಲವನ್ನು ಮಾರುವುದರ ಜೊತೆಗೆ ಅನಿಲದ ಸ್ಥಾವರಗಳನ್ನೇ ವಿನ್ಯಾಸಗೊಳಿಸಿ ಕಟ್ಟಿಕೊಡುವ ಎಂಜಿನಿಯರಿಂಗ್ ಕೆಲಸವನ್ನು ಬೆಳೆಸಿದ್ದು. ಆಮದಿನ ಮೇಲೆ ಬಿಗಿಯಾದ ನಿರ್ಬಂಧವಿದ್ದ, ವಿದೇಶಿ ವಿನಿಮಯ ಸಿಗುವುದೇ ಕಷ್ಟವಿದ್ದ ದಿನಗಳಲ್ಲಿ ದೇಶದೊಳಗೆ ಸ್ಥಾವರ ಕಟ್ಟಬಲ್ಲವರಿಗೆ ಬೆಲೆಯಿತ್ತು. ಸರ್ಕಾರವೂ 1966ರಲ್ಲಿ ವಿಶಾಖಪಟ್ಟಣದಲ್ಲಿ ಭಾರತ್ ಹೆವಿ ಪ್ಲೇಟ್ ಅಂಡ್ ವೆಸಲ್ಸ್ ಸಂಸ್ಥೆಯನ್ನು ಸ್ಥಾಪಿಸಿ, ಏರ್ ಲಿಕ್ವಿಡ್‌ನ ತಾಂತ್ರಿಕ ಸಹಕಾರದೊಂದಿಗೆ ಇದೇ ಬಗೆಯ ಸ್ಥಾವರಗಳನ್ನು ತಯಾರು ಮಾಡಿಸಿತು. ವಿದೇಶಿ ಬಂಡವಾಳದ ಮೇಲೆ ಮಿತಿ ಹೇರಿದ 1973ರ ವಿದೇಶಿ ವಿನಿಮಯ ಕಾಯ್ದೆಯಂತೂ ಬ್ರಿಟಿಷ್ ಮೂಲದ ಎಲ್ಲ ಕಂಪನಿಗಳಂತೆ ಈ ಕಂಪನಿಯ ಕೈಯನ್ನೂ ಕಟ್ಟಿಹಾಕಿತು.

ಇತ್ತ ಸಿಲಿಂಡರಿನ ಹಳೆಯ ಮಾರುಕಟ್ಟೆ ಕಲ್ಕತ್ತೆಯಲ್ಲಿ ಸೊರಗತೊಡಗಿತ್ತು. 1960ರ ದಶಕದ ಮಧ್ಯಭಾಗದಲ್ಲಿ ರೈಲ್ವೆಯ ವ್ಯಾಗನ್ ಖರೀದಿ ಕುಸಿದಾಗ ಹಾವ್ಡಾದ ಎಂಜಿನಿಯರಿಂಗ್ ಕಾರ್ಖಾನೆಗಳು ಮೊದಲ ಪೆಟ್ಟು ತಿಂದವು, ಅದರ ಬೆನ್ನಿಗೇ ಕಾರ್ಮಿಕ ಸಂಘರ್ಷ ಮತ್ತು ರಾಜಕೀಯ ಅಶಾಂತಿಯ ವರ್ಷಗಳು ಬಂದವು. ಉಕ್ಕು ದೇಶದ ಯಾವ ಮೂಲೆಯಲ್ಲಿಯೂ ಒಂದೇ ದರಕ್ಕೆ ಸಿಗುವಂತೆ ಸಾಗಣೆ ವೆಚ್ಚವನ್ನು ಸರಿದೂಗಿಸಿದ ಕೇಂದ್ರದ ನೀತಿಯು, 1950ರ ದಶಕದಿಂದ 1990ರ ದಶಕದ ಆರಂಭದವರೆಗೆ ಜಾರಿಯಲ್ಲಿದ್ದು, ಗಣಿಗಳಿಗೂ ಕುಲುಮೆಗಳಿಗೂ ಹತ್ತಿರವಿದ್ದ ಬಂಗಾಳದ ಅನುಕೂಲವನ್ನು ಕಿತ್ತುಕೊಂಡಿತು. ಮುಂಬಯಿಯಲ್ಲೋ ಪುಣೆಯಲ್ಲೋ ಅಷ್ಟೇ ಬೆಲೆಗೆ ಉಕ್ಕು ಸಿಗುವುದಾದರೆ ಅದನ್ನು ಕತ್ತರಿಸಿ ಬೆಸೆಯುವ ಕಮ್ಮಟಗಳೂ ಅಲ್ಲಿಯೇ ಹುಟ್ಟುವುದು ಸಹಜ, ಮತ್ತು ಅವುಗಳ ಹಿಂದೆಯೇ ಆಮ್ಲಜನಕದ ಬೇಡಿಕೆಯೂ ಪಶ್ಚಿಮಕ್ಕೆ ಹೋಯಿತು. ಮುಂದೆ ಇನಾಕ್ಸ್ ಏರ್ ಪ್ರಾಡಕ್ಟ್ಸ್ ಎಂದು ಹೆಸರಾದ ಸಂಸ್ಥೆ ಪಶ್ಚಿಮ ಭಾರತದಲ್ಲಿ 1963ರಲ್ಲಿ ಆರಂಭವಾಯಿತೆಂಬುದು ಈ ಹಿನ್ನೆಲೆಯಲ್ಲಿ ಗಮನಾರ್ಹ. ಆದರೂ ಬಂಗಾಳದ ಮಾರುಕಟ್ಟೆ ಸತ್ತಿತೆಂದು ಹೇಳಲಾಗದು. 1973ರಲ್ಲಿ ಕಲ್ಕತ್ತೆಯಲ್ಲಿ ಎಲೆನ್‌ಬರಿ ಇಂಡಸ್ಟ್ರಿಯಲ್ ಗ್ಯಾಸಸ್ ಎಂಬ ಸ್ಥಳೀಯ ಕಂಪನಿ ಹುಟ್ಟಿ, ದೊಡ್ಡವರ ನಡುವೆಯೂ ಬದುಕಿ ಬೆಳೆಯಿತು.

1991ರ ಆರ್ಥಿಕ ಉದಾರೀಕರಣದ ಬಳಿಕ ಉಕ್ಕಿನ ಕಂಪನಿಗಳು ಬಂಡವಾಳವನ್ನು ಕುಲುಮೆ ಮತ್ತು ಗಿರಣಿಗಳಿಗೇ ಮೀಸಲಿಡಲು ಬಯಸಿ, ಆಮ್ಲಜನಕದ ಸ್ಥಾವರವನ್ನು ಅನಿಲ ಕಂಪನಿಯೇ ತನ್ನ ಹಣದಿಂದ ಕಟ್ಟಿ, ತಾನೇ ನಡೆಸಿ, ಬೇಲಿಯಾಚೆಯಿಂದ ಕೊಳವೆಯಲ್ಲಿ ಅನಿಲ ಕೊಡುವ ಪದ್ಧತಿಯನ್ನು ಒಪ್ಪತೊಡಗಿದವು. ಇಂಥ ಕರಾರುಗಳು ಸಾಮಾನ್ಯವಾಗಿ ಹದಿನೈದು ಇಪ್ಪತ್ತು ವರ್ಷಗಳಷ್ಟು ದೀರ್ಘವಾಗಿರುತ್ತವೆ. ಕುಲುಮೆ ನಿಂತರೂ ನಡೆದರೂ ಉಕ್ಕಿನ ಕಂಪನಿ ತಿಂಗಳಿಗೆ ನಿಗದಿತ ಮೊತ್ತವನ್ನು ತೆರಲೇಬೇಕೆಂಬ ಷರತ್ತು ಅವುಗಳಲ್ಲಿರುತ್ತದೆ, ಏಕೆಂದರೆ ಒಬ್ಬನೇ ಗಿರಾಕಿಗಾಗಿ ಕಟ್ಟಿದ ಸ್ಥಾವರವನ್ನು ಬಿಚ್ಚಿ ಇನ್ನೊಂದೆಡೆಗೆ ಒಯ್ಯುವುದು ಸುಲಭವಲ್ಲ. ಕೊಳವೆಗೆ ಹೋಗಿ ಉಳಿದ ದ್ರವ ಆಮ್ಲಜನಕ, ಸಾರಜನಕ ಮತ್ತು ಆರ್ಗಾನನ್ನು ಅನಿಲ ಕಂಪನಿಯು ಟ್ಯಾಂಕರುಗಳಲ್ಲಿ ತುಂಬಿ ಇತರರಿಗೆ ಮಾರಿಕೊಳ್ಳಬಹುದು. ಬ್ರಿಟಿಷ್ ಒಡೆಯರ ಹಿಡಿತ ಮತ್ತೆ ಬಲಗೊಂಡು 1995ರಲ್ಲಿ ಬಿಒಸಿ ಇಂಡಿಯಾ ಎಂದು ಹೆಸರು ಬದಲಿಸಿಕೊಂಡ ಇಂಡಿಯನ್ ಆಕ್ಸಿಜನ್ ಕಂಪನಿಯ ಬೆಳವಣಿಗೆಯೆಲ್ಲ ಈ ದಾರಿಯಲ್ಲಿಯೇ ನಡೆಯಿತು. ಒಂದು ಲೀಟರ್ ದ್ರವ ಆಮ್ಲಜನಕ ಆವಿಯಾದರೆ 800 ಲೀಟರಿಗೂ ಹೆಚ್ಚು ಅನಿಲವಾಗುವುದರಿಂದ, ದ್ರವರೂಪದ ಸಾಗಣೆಯು ಸಿಲಿಂಡರಿನ ಭಾರವನ್ನು ಬಹುವಾಗಿ ಇಳಿಸಿ ಮಾರುಕಟ್ಟೆಯ ವ್ಯಾಪ್ತಿಯನ್ನು ಹಲವು ಪಟ್ಟು ಹಿಗ್ಗಿಸಿತು.

ಈ ಪದ್ಧತಿಯ ಅತಿ ದೊಡ್ಡ ಕಣಗಳಲ್ಲಿ ಒಂದಾದದ್ದು ಕಲ್ಕತ್ತೆಯಿಂದ ಬಹುದೂರದ ಬಳ್ಳಾರಿ ಜಿಲ್ಲೆ. ತೋರಣಗಲ್ಲಿನಲ್ಲಿ ಸರ್ಕಾರಿ ಉಕ್ಕಿನ ಕಾರ್ಖಾನೆಗೆ 1971ರಲ್ಲಿ ಇಂದಿರಾ ಗಾಂಧಿಯವರು ಶಂಕುಸ್ಥಾಪನೆ ಮಾಡಿದ್ದರೂ ಎರಡು ದಶಕ ಏನೂ ಏಳಲಿಲ್ಲ. 1990ರ ದಶಕದಲ್ಲಿ ಜಿಂದಾಲ್ ವಿಜಯನಗರ ಸ್ಟೀಲ್ ಅಲ್ಲಿ ನೆಲೆಯೂರಿ, 1999ರಲ್ಲಿ ಕೋರೆಕ್ಸ್ ಎಂಬ ಹೊಸ ವಿಧಾನದಲ್ಲಿ ಕಬ್ಬಿಣ ಕರಗಿಸತೊಡಗಿತು. ಬಳ್ಳಾರಿಯಲ್ಲಿ ಅದಿರು ಉಂಟು, ಆದರೆ ಕೋಕ್ ಮಾಡಲು ತಕ್ಕ ಕಲ್ಲಿದ್ದಲಿಲ್ಲ. ಸಾಮಾನ್ಯ ಕಲ್ಲಿದ್ದಲನ್ನು ಬಿಸಿಗಾಳಿಯ ಬದಲು ಶುದ್ಧ ಆಮ್ಲಜನಕದಲ್ಲಿ ಉರಿಸುವ ಕೋರೆಕ್ಸ್ ಆ ಕೊರತೆಗೆ ಪರಿಹಾರವಾಗಿ ಕಂಡಿತು. ಅದರ ಬೆಲೆಯನ್ನು ಆಮ್ಲಜನಕದಲ್ಲಿ ತೆರಬೇಕಿತ್ತು: ಎಲ್‌ಡಿ ವಿಧಾನದಲ್ಲಿ ಟನ್ನಿಗೆ 50 ಘನ ಮೀಟರಿನಷ್ಟು ಸಾಕಾದರೆ ಇಲ್ಲಿ ಟನ್ ಕಬ್ಬಿಣಕ್ಕೆ 500 ಘನ ಮೀಟರಿಗೂ ಹೆಚ್ಚು ಬೇಕು, ವರ್ಷಕ್ಕೆ 8 ಲಕ್ಷ ಟನ್ನಿನ ಒಂದು ಘಟಕವೇ ದಿನಕ್ಕೆ ಸಾವಿರ ಟನ್ನಿಗೂ ಮೀರಿ ಆಮ್ಲಜನಕವನ್ನು ಕುಡಿಯುತ್ತದೆ. ಅಮೆರಿಕದ ಪ್ರಾಕ್ಸ್‌ಏರ್ ಕಂಪನಿ ಜಿಂದಾಲರ ಜೊತೆಗೂಡಿ ಅಲ್ಲಿ ಸ್ಥಾವರ ಕಟ್ಟಿತು. ಅನಂತರ ಇನಾಕ್ಸ್ ಮತ್ತು ಬಿಒಸಿ ಇಂಡಿಯಾ ಸೇರಿ ಬಳ್ಳಾರಿ ಆಕ್ಸಿಜನ್ ಎಂಬ ಜಂಟಿ ಸಂಸ್ಥೆಯನ್ನು ಕಟ್ಟಿದವು. ರಾಯಲಸೀಮೆಯ ಅಂಚಿನ ಬಯಲುಸೀಮೆಯ ಊರೊಂದು ಹೀಗೆ ಕೆಲವೇ ವರ್ಷಗಳಲ್ಲಿ ಜಾಗತಿಕ ಅನಿಲ ಕಂಪನಿಗಳೆಲ್ಲ ಒಂದೇ ಬೇಲಿಯ ಸುತ್ತ ಸೇರುವ ಸ್ಥಳವಾಯಿತು.

ಒಡೆತನದ ಬದಲಾವಣೆಗಳು ಇದರ ಬೆನ್ನಿಗೇ ಬಂದವು. 2006ರಲ್ಲಿ ಜರ್ಮನಿಯ ಲಿಂಡೆ ಸಂಸ್ಥೆ ಬಿಒಸಿಯನ್ನು ಕೊಂಡುಕೊಂಡಿತು, 2013ರಲ್ಲಿ ತಾರಾತಲಾದ ಕಂಪನಿಯ ಹೆಸರು ಲಿಂಡೆ ಇಂಡಿಯಾ ಎಂದಾಯಿತು, 2018ರಲ್ಲಿ ಲಿಂಡೆ ಮತ್ತು ಪ್ರಾಕ್ಸ್‌ಏರ್ ಒಂದಾದವು. ಇಬ್ಬರು ಪೈಪೋಟಿಗಾರರು ಒಂದಾದರೆ ಗಿರಾಕಿಗೆ ಆಯ್ಕೆ ಉಳಿಯದೆಂದು ಭಾರತೀಯ ಸ್ಪರ್ಧಾ ಆಯೋಗವು ಕೆಲವು ಆಸ್ತಿಗಳನ್ನು ಮಾರುವಂತೆ ಷರತ್ತು ಹಾಕಿತು. ಆ ಷರತ್ತುಗಳು ಮುಖ್ಯವಾಗಿ ಜಮ್‌ಶೆಡ್‌ಪುರ ಮತ್ತು ಬಳ್ಳಾರಿಗಳ ಸುತ್ತಲೇ ಇದ್ದವೆಂಬುದರಿಂದ ಮಾರುಕಟ್ಟೆಯ ತಿರುಳು ಎಲ್ಲಿದೆಯೆಂಬುದು ಸ್ಪಷ್ಟವಾಗುತ್ತದೆ. 2019ರಲ್ಲಿ ಲಿಂಡೆ ಇಂಡಿಯಾ ತನ್ನ ದಕ್ಷಿಣ ವಲಯದ ವ್ಯವಹಾರವನ್ನು ಜಪಾನಿನ ಏರ್ ವಾಟರ್ ಸಮೂಹಕ್ಕೆ ಬಿಟ್ಟುಕೊಟ್ಟಿತು.

ಸ್ಥಾವರಗಳು ಕೆಲವೇ ಕಡೆ ಒತ್ತಾಗಿ ಸೇರಿದ್ದ ಈ ನಕ್ಷೆಯಲ್ಲಿ ಅಡಗಿದ್ದ ಅಪಾಯ ಬಯಲಾದದ್ದು 2021ರ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ. ಕೋವಿಡ್‌ನ ಮೊದಲ ಅಲೆಯಲ್ಲಿ ದಿನಕ್ಕೆ 3,000 ಟನ್ನಿನ ಆಸುಪಾಸಿನಲ್ಲಿದ್ದ ದೇಶದ ವೈದ್ಯಕೀಯ ಆಮ್ಲಜನಕದ ಬೇಡಿಕೆ ಎರಡನೆಯ ಅಲೆಯಲ್ಲಿ 9,000 ಟನ್ನಿನ ಮಟ್ಟಕ್ಕೆ ಏರಿತು. ಕೇಂದ್ರ ಸರ್ಕಾರವು ಕೆಲವೇ ಉದ್ಯಮಗಳನ್ನು ಹೊರತುಪಡಿಸಿ ಕೈಗಾರಿಕೆಗಳಿಗೆ ಆಮ್ಲಜನಕ ಪೂರೈಸುವುದನ್ನು ತಡೆದು, ಉಕ್ಕಿನ ಕಾರ್ಖಾನೆಗಳ ಸ್ಥಾವರಗಳಿಂದ ದ್ರವ ಆಮ್ಲಜನಕವನ್ನು ಆಸ್ಪತ್ರೆಗಳತ್ತ ತಿರುಗಿಸಿತು. ಆಗ ತಯಾರಿಕೆಗಿಂತ ದೊಡ್ಡ ಕೊರತೆಯಾಗಿ ಕಾಣಿಸಿಕೊಂಡದ್ದು ಸಾಗಣೆ: ಅನಿಲವಿದ್ದುದು ರೂರ್‌ಕೆಲಾ, ಜಮ್‌ಶೆಡ್‌ಪುರ, ಬೊಕಾರೊ, ದುರ್ಗಾಪುರಗಳಲ್ಲಿ, ಉಸಿರಿಗಾಗಿ ಒದ್ದಾಡುತ್ತಿದ್ದವರು ದೆಹಲಿ, ಮಹಾರಾಷ್ಟ್ರ, ಕರ್ನಾಟಕಗಳಲ್ಲಿ, ನಡುವಿನ ದಾರಿಗೆ ಬೇಕಾದಷ್ಟು ಅತಿಶೀತ ಟ್ಯಾಂಕರುಗಳು ದೇಶದಲ್ಲಿರಲಿಲ್ಲ. ಸಾರಜನಕ ಮತ್ತು ಆರ್ಗಾನಿನ ಟ್ಯಾಂಕರುಗಳನ್ನು ಆಮ್ಲಜನಕಕ್ಕೆ ಒಗ್ಗಿಸಲಾಯಿತು. ಏಪ್ರಿಲ್ 24ರಂದು ವಾಯುಪಡೆಯ ವಿಮಾನವೊಂದು ಸಿಂಗಪುರದಿಂದ ನಾಲ್ಕು ಖಾಲಿ ಕಂಟೇನರುಗಳನ್ನು ದುರ್ಗಾಪುರದ ಬಳಿಯ ಪಾನಾಗಢ ನೆಲೆಗೆ ತಂದಿಳಿಸಿತು. ಟಾಟಾ ಸಮೂಹವು ಲಿಂಡೆಯ ಜೊತೆಗೂಡಿ 24 ಕಂಟೇನರುಗಳನ್ನು ಆಮದು ಮಾಡಿಕೊಂಡಿತು. ರೈಲ್ವೆ ಇಲಾಖೆ ಆಕ್ಸಿಜನ್ ಎಕ್ಸ್‌ಪ್ರೆಸ್ ರೈಲುಗಳನ್ನು ಓಡಿಸಿತು.

ಕರ್ನಾಟಕಕ್ಕೆ ಈ ಪಾಠ ಅತ್ಯಂತ ಕ್ರೂರವಾಗಿ ದೊರೆಯಿತು. ಮೇ 2 ಮತ್ತು 3ರ ನಡುವಿನ ಅವಧಿಯಲ್ಲಿ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕದ ಅಭಾವದ ನಡುವೆ 24 ಮಂದಿ ಪ್ರಾಣ ಬಿಟ್ಟರು. ದೇಶದ ದೊಡ್ಡ ಆಮ್ಲಜನಕ ಕೇಂದ್ರಗಳಲ್ಲಿ ಒಂದು ತನ್ನ ನೆಲದಲ್ಲಿಯೇ ಇರುವ ರಾಜ್ಯದಲ್ಲಿ ಹೀಗಾಯಿತೆಂಬುದನ್ನು ಮರೆಯಲಾಗದು, ಮರೆಯಲೂ ಬಾರದು. ರಾಜ್ಯದಲ್ಲಿ ತಯಾರಾಗುತ್ತಿದ್ದ ಆಮ್ಲಜನಕದ ಒಂದು ಭಾಗ ಕೇಂದ್ರದ ಹಂಚಿಕೆಯಂತೆ ಹೊರರಾಜ್ಯಗಳಿಗೆ ಹೋಗುತ್ತಿತ್ತು. ರಾಜ್ಯದ ಪಾಲನ್ನು ದಿನಕ್ಕೆ 1,200 ಟನ್ನಿಗೆ ಏರಿಸುವಂತೆ ಹೈಕೋರ್ಟು ಮೇ 5ರಂದು ಆದೇಶಿಸಿತು, ಅದಕ್ಕೆ ತಡೆ ಕೊಡಲು ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಜಮ್‌ಶೆಡ್‌ಪುರದ ಟಾಟಾನಗರದಿಂದ ಹೊರಟ ರೈಲು ಮೇ 11ರಂದು ಆರು ಕಂಟೇನರುಗಳಲ್ಲಿ 120 ಟನ್ ದ್ರವ ಆಮ್ಲಜನಕವನ್ನು ಹೊತ್ತು ಬೆಂಗಳೂರಿನ ವೈಟ್‌ಫೀಲ್ಡ್ ತಲುಪಿತು. ಕರ್ನಾಟಕಕ್ಕೆ ಬಂದ ಮೊದಲ ಆಕ್ಸಿಜನ್ ಎಕ್ಸ್‌ಪ್ರೆಸ್ ಅದು.

ಆ ಬಳಿಕ ಆಸ್ಪತ್ರೆಗಳ ಆವರಣದಲ್ಲಿಯೇ ಸಾವಿರಕ್ಕೂ ಹೆಚ್ಚು ಸಣ್ಣ ಸ್ಥಾವರಗಳನ್ನು ಸರ್ಕಾರ ಸ್ಥಾಪಿಸಿತು. ಇವು ಗಾಳಿಯನ್ನು ದ್ರವೀಕರಿಸುವುದಿಲ್ಲ. ಜಿಯೋಲೈಟ್ ಎಂಬ ಖನಿಜದ ಹರಳುಗಳ ನಡುವೆ ಒತ್ತಡದ ಗಾಳಿಯನ್ನು ಹಾಯಿಸಿ, ಸಾರಜನಕವನ್ನು ಅವುಗಳಿಗೆ ಅಂಟಿಸಿ, ಶೇ. 93ರ ಆಸುಪಾಸಿನ ಶುದ್ಧತೆಯ ಆಮ್ಲಜನಕವನ್ನು ಮುಂದೆ ಕಳಿಸುತ್ತವೆ. ಉಕ್ಕಿಗೆ ಬೇಕಾದ ಶುದ್ಧತೆಯನ್ನಾಗಲಿ ಪ್ರಮಾಣವನ್ನಾಗಲಿ ಇವು ಕೊಡಲಾರವು, ಆದ್ದರಿಂದ ಅತಿಶೀತ ಸ್ಥಾವರಗಳ ಮಾರುಕಟ್ಟೆಗೆ ಇವುಗಳಿಂದ ಧಕ್ಕೆಯಾಗಲಿಲ್ಲ. ಇತ್ತ ಹಿಂದಿನ ಕಲ್ಕತ್ತೆಯಾದ ಕೊಲ್ಕತ್ತಾದಲ್ಲಿ ಲಿಂಡೆ ಇಂಡಿಯಾದ ಮುಖ್ಯ ಕಚೇರಿಯೂ ಸ್ಥಾವರಗಳನ್ನು ವಿನ್ಯಾಸಗೊಳಿಸುವ ವಿಭಾಗವೂ ಉಳಿದುಕೊಂಡಿವೆ. 2025ರ ಜೂನಿನಲ್ಲಿ ಷೇರು ಮಾರುಕಟ್ಟೆಗೆ ಬಂದ ಎಲೆನ್‌ಬರಿ ಕಂಪನಿ, ಸಾರ್ವಜನಿಕರಿಂದ ಎತ್ತಿದ ಹಣದ ಒಂದು ಭಾಗವನ್ನು ಹಾವ್ಡಾ ಜಿಲ್ಲೆಯ ಉಲುಬೇರಿಯಾದಲ್ಲಿ ದಿನಕ್ಕೆ 220 ಟನ್ ಸಾಮರ್ಥ್ಯದ ವಾಯು ಬೇರ್ಪಡಿಕೆ ಸ್ಥಾವರಕ್ಕೆ ತೊಡಗಿಸುವುದಾಗಿ ಘೋಷಿಸಿತು.